ಕಚ್ಚು

ಈ ಊರಿನ ಹೆಸರು ಹಲ್.
ಬಂದ ಹೊಸತರಲ್ಲಿ ನನ್ನ ಕಿವಿಗೆ ಅದು ಹಲ್ಲೆಂದೇ ಕೇಳಿಸುತ್ತಿತ್ತು.
ಇರಲಿ. ಆಸಿಡ್ಡು ತಾಮ್ರವನ್ನು ಕಚ್ಚುವ ಕಸುಬಿಗೆ
ಇದಕ್ಕಿಂತ ಒಪ್ಪುವ ಊರು ಎಲ್ಲಿ ಸಿಕ್ಕೀತು.

ಹಿಂದೆ ಮೀನು ಹೊಗೆಗಿಡುತ್ತಿದ್ದ ಕಟ್ಟಡದ ಮೇಲ್ಮಹಡಿ.
ಒಲೆ ಆರಿ ಐವತ್ತು ವರ್ಷವಾದರೂ
ಸೆಕೆಯ ದಿನ ಇಟ್ಟಿಗೆಗಳು ಹೆರಿಂಗ್ ಮೀನಿನ ವಾಸನೆ ಬೆವರುತ್ತವೆ.
ಗುರುವಾರ ಬರುತ್ತಾಳೆ ಬ್ರಯನಿ,
ಸೂಪರ್‌ಮಾರ್ಕೆಟ್ಟಿನ ರಾತ್ರಿಪಾಳಿ ಮುಗಿಸಿ,
ಚೀಲದಲ್ಲಿ ತಾರೀಖು ಮೀರಿದ ಬ್ರೆಡ್ಡು,
ಎಡಗೈ ತುಂಬ ಬಾಲ್‌ಪೆನ್ನಿನ ಗೀಚು: ಕ್ರೇನು, ಕಡಲಹಕ್ಕಿ, ಯಾರದೋ ಮೂಗು.

ನಾನು ಕಲಿಸುವುದು ಹೆಚ್ಚೇನಿಲ್ಲ.
ಮೇಣ ಹಚ್ಚುವುದು. ಸೂಜಿ ಹಿಡಿಯುವುದು.
ಒತ್ತಬೇಡ, ಕೂದಲ ಸಿಕ್ಕು ಬಿಡಿಸುವಷ್ಟು ಸಾಕು.
ಶಾಯಿಯನ್ನು ಕಡೆಗೆ ಅಂಗೈಯಂಚಿನಿಂದ ಒರೆಸುವುದು,
ರೊಟ್ಟಿಯ ಮೇಲಿನ ಹಿಟ್ಟು ಕೊಡವುವ ಹಾಗೆ.
ಅವಳು ರೊಟ್ಟಿ ಕಂಡವಳಲ್ಲ.
ಅವಳ ಕೈ ಮಾತ್ರ ಎಲ್ಲೋ ಕಂಡಿತ್ತು.

ರಾಣೆಬೆನ್ನೂರಿನ ಪಾತ್ರೆ ಅಂಗಡಿಯ ಕಟ್ಟೆ ಮೇಲೆ ಕೂತು
ಅಪ್ಪ ಹೆಸರು ಕೊರೆಯುತ್ತಿದ್ದ, ಅಕ್ಷರಕ್ಕೆ ನಾಲ್ಕಾಣೆ.
ಒಮ್ಮೆ ಸೊನ್ನೆ ಬಿಟ್ಟು, ಗಂಗವ್ವನ ಕೊಡ ಗಗವ್ವನದಾಗಿ,
ಬಜಾರೆಲ್ಲ ನಕ್ಕಿತು. ಅಪ್ಪ ನಗಲಿಲ್ಲ.
"ಬಿಟ್ಟದ್ದನ್ನ ಆಮ್ಯಾಲೆ ಇಡಬಹುದವ್ವಾ,
ಇಟ್ಟದ್ದನ್ನ ತಗಿಯಾಕ ಬರಂಗಿಲ್ಲ."

ಬರುತ್ತದೆ ಎಂದು ತೋರಿಸಿದವಳು ಎನಿಡ್ ಗಾರ್ಟನ್.
ಎಂಬತ್ತಮೂರನೇ ಇಸವಿ. ನನಗೆ ಇಪ್ಪತ್ತನಾಲ್ಕು.
ನನ್ನ ತಟ್ಟೆಯಲ್ಲಿ ಹಂಬರ್ ನದಿಯ ಇಳಿತ, ಮೈಲುಗಟ್ಟಲೆ ಕೆಸರು,
ಬಲಮೂಲೆಯಲ್ಲಿ ಕೊಡ ಹೊತ್ತ ಒಬ್ಬ ಹೆಂಗಸು,
ಕೊಡದ ಮೇಲೆ ಹಿಮ್ಮುಖವಾಗಿ ಕೊರೆದ ಹೆಸರು.
ಬೆಳಗಾಗುವಷ್ಟರಲ್ಲಿ ಎನಿಡ್ ಅವಳನ್ನು
ಉಕ್ಕಿನ ಬರ್ನಿಷರಿನಿಂದ ತೀಡಿ ತೀಡಿ ಅಳಿಸಿದ್ದಳು.
"ಚಿತ್ರ ಉಸಿರಾಡಲಿ" ಅಂದಳು.
ನಾನು ಥ್ಯಾಂಕ್ಯೂ ಅಂದೆ.

ಆ ಚಿತ್ರವೇ ನನಗೆ ಹೆಸರು ತಂದಿತು.
ಆ ಖಾಲಿ ಮೂಲೆಯಲ್ಲಿ ಎಂಥ ಸಂಯಮ, ಎಂದು ಬರೆದರು.
ಎಂಥ ವಿರಹ, ಎಂದು ಇನ್ನೊಬ್ಬರು.
ನಲವತ್ತು ವರ್ಷದಿಂದ ತಲೆಯಾಡಿಸುತ್ತಿದ್ದೇನೆ.

ಎನಿಡ್ ಸತ್ತಾಗ ಉಯಿಲಿನಲ್ಲಿ ನನ್ನ ಪಾಲಿಗೆ ಬಂದದ್ದು
ಅದೇ ಬರ್ನಿಷರ್, ಹಿಡಿಯಲ್ಲಿ ಅವಳ ಹೆಬ್ಬೆರಳಿನ ತಗ್ಗು.
ನನ್ನ ಹೆಬ್ಬೆರಳು ಅದರಲ್ಲಿ ಸರಿಯಾಗಿ ಕೂರುತ್ತದೆ.

ಬ್ರಯನಿಯ ತಟ್ಟೆ: ನಸುಕಿನ ನಾಲ್ಕಕ್ಕೆ ಬಸ್‌ಸ್ಟಾಪು,
ಕಚೇರಿ ಗುಡಿಸಲು ಹೊರಟ ಐವರು ಹೆಂಗಸರು,
ಅವರ ಮುಖಗಳಿಗೆ ಅಡ್ಡಲಾಗಿ ಒಂದು ಕರೆಂಟಿನ ತಂತಿ.
ಒರಟು. ದಪ್ಪ. ಎಲ್ಲ ಕೆಡಿಸುವ ಗೆರೆ.
ಒಳ್ಳೆಯದಕ್ಕೇ ಅಂದುಕೊಂಡೆ.
ಅಕ್ಕರೆ ಅಂದುಕೊಂಡೆ.
(ಚಿತ್ರ ನನ್ನದಕ್ಕಿಂತ ಚೆನ್ನಾಗಿತ್ತು. ಅದನ್ನೂ ಹೇಳಿಬಿಡುತ್ತೇನೆ.)
ರಾತ್ರಿ ಹನ್ನೊಂದರವರೆಗೆ ತೀಡಿದೆ.

ಗುರುವಾರ ಅವಳು ತಟ್ಟೆಯನ್ನು ಕಿಟಕಿಗೆ ಓರೆಯಾಗಿ ಹಿಡಿದಳು.
ಥ್ಯಾಂಕ್ಯೂ ಅನ್ನಲಿಲ್ಲ. ಯಾಕೆ ಅನ್ನಲೂ ಇಲ್ಲ.
ಮೇಣವಿಲ್ಲ, ಆಸಿಡ್ಡಿಲ್ಲ, ಬರಿಯ ಸೂಜಿ ತಗೊಂಡು
ಬರಿಯ ತಾಮ್ರಕ್ಕೆ ಇಳಿಸಿದಳು.
ಆ ಸದ್ದು ನನ್ನ ದವಡೆಯವರೆಗೂ ಬಂತು.

ಅಚ್ಚು ತೆಗೆದಾಗ ತಂತಿ ಮೊದಲಿಗಿಂತ ಕಪ್ಪಗಿತ್ತು.
ನಾನು ತೀಡಿದ ತಗ್ಗಿನಲ್ಲಿ ಕೊಂಚ ಜೋತು,
ಆಚೆ ಮತ್ತೆ ಏರಿತ್ತು,
ಯಾವುದೋ ಭಾರದ ಹಕ್ಕಿ ಬಂದು ಕೂತು ಎದ್ದುಹೋದ ಹಾಗೆ.

"ಟೀ ಇಡಲಾ?" ಅಂದಳು.
"ಇಡು" ಅಂದೆ.

ಅವಳು ಹೋದ ಮೇಲೆ ಕೆಳಗಿನ ಖಾನೆ ಎಳೆದೆ.
ಎಂಬತ್ತಮೂರರ ತಟ್ಟೆ, ಎಣ್ಣೆಗಾಗದದಲ್ಲಿ ಸುತ್ತಿದ್ದು.
ದೀಪ ಹಾಕಲಿಲ್ಲ.
ಕೊಡ ಎಲ್ಲಿತ್ತೆಂದು ಬೆರಳಿಗೆ ಇನ್ನೂ ಗೊತ್ತು.
ಸೂಜಿ ಮೇಜಿನ ಮೇಲೆಯೇ ಬಿಟ್ಟುಹೋಗಿದ್ದಳು,
ಮರೆತೋ, ಬೇಕಂತಲೋ.